ಆರ್ಗನ್ ಕಪಾಟಲ್ಲ, ಸ್ವಾಮಿ!

ಹಳೆಯ ವಸ್ತುಗಳ ವಿಷಯದಲ್ಲಿ ನಮ್ಮವರಲ್ಲಿ ಎರಡು ಪಂಗಡಗಳಿವೆ. ಮೊದಲನೆಯವರು ಹಳೆಯದನ್ನು ಕಂಡ ಕೂಡಲೇ ಗುಜರಿಯವನನ್ನು ಕರೆಯುತ್ತಾರೆ. ಎರಡನೆಯವರು ‘ಆಂಟಿಕ್!’ ಎಂದು ಉದ್ಗರಿಸಿ, ಪಾಲಿಶ್ ಹೊಡೆಸಿ, ಯಾರೂ ಮುಟ್ಟಕೂಡದೆಂದು ಸುತ್ತಲೂ ಹಗ್ಗ ಕಟ್ಟಿಸುತ್ತಾರೆ. ಮೇಲ್ನೋಟಕ್ಕೆ ಇವರಿಬ್ಬರೂ ಬದ್ಧವೈರಿಗಳು. ಆದರೆ ವಾದ್ಯಗಳ ಮಟ್ಟಿಗೆ ಹೇಳುವುದಾದರೆ ಇಬ್ಬರೂ ಮಾಡುವ ಕೆಲಸ ಒಂದೇ. ಇಬ್ಬರೂ ವಾದ್ಯದ ಬಾಯಿ ಮುಚ್ಚಿಸುತ್ತಾರೆ.

ನಮ್ಮ ಸಂಘದ ಸಭಾಗೃಹದ ಮೂಲೆಯಲ್ಲಿರುವ ಕಾಲಿನ ಆರ್ಗನ್ನನ್ನು ನೋಡದ ಸದಸ್ಯರು ಇರಲಾರರು. ಆಳೆತ್ತರಕ್ಕೂ ಮೀರಿದ ವಾಲ್ನಟ್ ಮರದ ಮೈ, ತಲೆಯ ಮೇಲೆ ಕೆತ್ತನೆಯ ಕಿರೀಟ, ನಡುವೆ ಕನ್ನಡಿ, ಅದರ ಎಡಬಲಕ್ಕೆ ದೀಪ ಇಡುವ ಎರಡು ಪುಟ್ಟ ಮಣೆಗಳು, ಕೆಳಗೆ ಐದು ಸಪ್ತಕದ ಮನೆಗಳು, ಅವುಗಳ ಮೇಲೆ ಸಾಲಾಗಿ ಬಿಳಿಯ ಮುಖದ ಗುಂಡಿಗಳು. ಮಕ್ಕಳು ಅದರ ಹಿಂದೆ ಅಡಗಿ ಕಣ್ಣಾಮುಚ್ಚಾಲೆ ಆಡುತ್ತಾರೆ. ದೊಡ್ಡವರು ಅದರ ಮೇಲೆ ಹಾಜರಿ ಪುಸ್ತಕ, ಹೂದಾನಿ, ಒಮ್ಮೊಮ್ಮೆ ಚಹಾದ ಟ್ರೇ ಕೂಡ ಇಡುತ್ತಾರೆ. ಈ ಆರ್ಗನ್ನಿನ ಒಳಗಿನ ‘ಹಾಳುಮೂಳು’ಗಳನ್ನೆಲ್ಲ ತೆಗೆಸಿ, ಮುಂದಕ್ಕೆ ಗಾಜಿನ ಬಾಗಿಲು ಕೂಡಿಸಿ, ಸಂಘಕ್ಕೆ ಬಂದ ಢಾಲುಗಳನ್ನೂ ಪ್ರಶಸ್ತಿ ಫಲಕಗಳನ್ನೂ ಇಡುವ ಷೋಕೇಸು ಮಾಡಿಸಬೇಕೆಂಬ ಠರಾವೊಂದು ಬರುವ ವಾರ್ಷಿಕ ಮಹಾಸಭೆಯ ಮುಂದೆ ಬರಲಿದೆ. ಠರಾವು ತರುತ್ತಿರುವ ಮಹನೀಯರು ನಮ್ಮ ಸ್ನೇಹಿತರೇ. ಅವರ ಉದ್ದೇಶದ ಬಗ್ಗೆ ನಮಗೆ ಸಂದೇಹವಿಲ್ಲ. ಗುಜರಿಗೆ ಹೋಗಬಹುದಾಗಿದ್ದ ವಸ್ತುವನ್ನು ತಾವು ಉಳಿಸುತ್ತಿದ್ದೇವೆಂದೇ ಅವರು ನಂಬಿದ್ದಾರೆ. ಆದರೂ ಈ ಠರಾವನ್ನು ನಾವು ವಿರೋಧಿಸುತ್ತೇವೆ. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಈ ಪೆಟ್ಟಿಗೆ ಏನೆಂಬುದೇ ಬಹುಮಂದಿಗೆ ತಿಳಿದಂತಿಲ್ಲ.

ಆರ್ಗನ್ನಿನ ಎದೆಯ ಮೇಲೆ ಬರೆದಿರುವ ಹೆಸರನ್ನು ಓದಿ: ಎಸ್ಟಿ, ಬ್ರ್ಯಾಟಲ್‌ಬರೋ, ವರ್ಮಾಂಟ್. ವರ್ಮಾಂಟ್ ಎಂಬುದು ಅಮೆರಿಕದ ಈಶಾನ್ಯ ಮೂಲೆಯ, ಬೆಟ್ಟಗುಡ್ಡ ಮತ್ತು ಹಿಮದ ಒಂದು ಸಣ್ಣ ಸಂಸ್ಥಾನ. ಬ್ರ್ಯಾಟಲ್‌ಬರೋ ಅಲ್ಲಿನ ನದೀತೀರದ ಊರು. ಜೇಕಬ್ ಎಸ್ಟಿ ಎಂಬವರು ಅಲ್ಲಿ ನೀರಿನ ಕೊಳವೆಗಳ ಕೆಲಸದಿಂದ ಬದುಕುತ್ತಿದ್ದರು. ವಾದಕರಲ್ಲ, ಪಂಡಿತರಲ್ಲ. ಅವರು ಕಟ್ಟಿಸಿದ ಕಟ್ಟಡದಲ್ಲಿ ಸಣ್ಣ ರೀಡ್ ವಾದ್ಯಗಳನ್ನು ಮಾಡುವವರು ಬಾಡಿಗೆಗಿದ್ದರು. ಬಾಡಿಗೆಯ ಬದಲಿಗೆ ಅವರ ವ್ಯಾಪಾರದಲ್ಲಿ ಪಾಲು ಪಡೆದು ಎಸ್ಟಿ ಈ ಉದ್ಯಮಕ್ಕೆ ಇಳಿದರು. (ಬಾಡಿಗೆ ಕೊಡದ ಬಿಡಾರದವರಿಂದ ಲಾಭವೂ ಆಗಬಹುದೆಂಬುದಕ್ಕೆ ಮುಂಬಯಿಯ ಚಾಳುಗಳ ಮಾಲೀಕರು ಈ ಉದಾಹರಣೆಯನ್ನು ಗಮನಿಸಬೇಕು!) 1857ರಲ್ಲಿ ಕಾರ್ಖಾನೆ ಸುಟ್ಟಿತು. ಮತ್ತೆ ಕಟ್ಟಿದರು. 1864ರಲ್ಲಿ ಮತ್ತೆ ಸುಟ್ಟಿತು. 1869ರಲ್ಲಿ ನೆರೆ ಬಂತು. ಕೊನೆಗೆ ನದಿಯ ಸಹವಾಸವೇ ಬೇಡವೆಂದು 1870ರ ಸುಮಾರಿಗೆ ಎತ್ತರದ ಜಾಗಕ್ಕೆ ಹೋಗಿ, ಬೆಂಕಿಗೆ ಹೆದರಿ ಗೋಡೆಗಳಿಗೆಲ್ಲ ಸ್ಲೇಟ್ ಕಲ್ಲಿನ ಹೊದಿಕೆ ಹೊದಿಸಿ, ಸಾಲು ಕಟ್ಟಡಗಳನ್ನು ಎಬ್ಬಿಸಿದರು. ಆ ಸ್ಲೇಟಿನ ಕಟ್ಟಡಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಈ ಕಂಪನಿ ಒಂದು ಶತಮಾನದಲ್ಲಿ ಮಾಡಿದ ರೀಡ್ ಆರ್ಗನ್ನುಗಳ ಸಂಖ್ಯೆ ಐದು ಲಕ್ಷಕ್ಕೂ ಮಿಕ್ಕಿದ್ದು. ಐದು ಲಕ್ಷ! ಅಂಥವುಗಳಲ್ಲಿ ಒಂದು ನಮ್ಮ ಮೂಲೆಯಲ್ಲಿ ಚಹಾದ ಟ್ರೇ ಹೊತ್ತು ನಿಂತಿದೆ.

ಇಷ್ಟೊಂದು ಆರ್ಗನ್ನುಗಳನ್ನು ಕೊಂಡವರು ಯಾರು? ಅರಮನೆಯವರಲ್ಲ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ರೈಲು ಎಲ್ಲೆಡೆ ಹಬ್ಬಿತು. ಸಾಧಾರಣ ರೈತ, ಅಂಗಡಿಯವ, ಶಾಲಾ ಮಾಸ್ತರ ತಮ್ಮ ಮನೆಯಲ್ಲೂ ಒಂದು ಕೂರುವ ಕೋಣೆ, ಅದರಲ್ಲೊಂದು ವಾದ್ಯ ಇರಬೇಕೆಂದು ಬಯಸಿದರು. ಪಿಯಾನೋ ಅವರ ಕೈಗೆ ಎಟುಕುತ್ತಿರಲಿಲ್ಲ. ಊರೂರು ಸುತ್ತುವ ಏಜೆಂಟರು ಗಾಡಿಯಲ್ಲಿ ಆರ್ಗನ್ ಹೇರಿಕೊಂಡು ಬಂದು ಕಂತಿನ ಮೇಲೆ ಕೊಟ್ಟುಹೋಗುತ್ತಿದ್ದರು. ಮುಂದೆ ಸಿಯರ್ಸ್ ರೋಬಕ್ ಕಂಪನಿಯವರು ಬೆಕ್‌ವಿತ್ ಎಂಬ ಹೆಸರಿನ ಆರ್ಗನ್ನುಗಳನ್ನು ಕ್ಯಾಟಲಾಗಿನ ಮೂಲಕವೇ ಮಾರಿದರು. ಭಾನುವಾರ ಸಂಜೆ ಮನೆಮಂದಿಯೆಲ್ಲ ಸುತ್ತ ನಿಂತು ಪ್ರಾರ್ಥನಾ ಗೀತೆ ಹಾಡುವುದು, ಹುಡುಗಿಯರು ಸಂಗೀತ ಕಲಿಯುವುದು, ಮದುವೆ ಮಾತುಕತೆಗೆ ಬಂದವರೆದುರು ಅವರಿಂದ ಬಾರಿಸಿ ತೋರಿಸುವುದು — ಈ ಕೊನೆಯದು ನಮಗೂ ಅಪರಿಚಿತವಲ್ಲ.

ಠರಾವಿನ ಪರವಾಗಿ ಒಬ್ಬ ಮಿತ್ರರು ಹೇಳುವುದು ಹೀಗೆ: “ಅಮೆರಿಕದಲ್ಲೂ ಇದು ಶೋಭೆಗೇ ಇದ್ದ ಪೀಠೋಪಕರಣ. ನಾವು ಅದನ್ನು ಶೋಭೆಗೇ ಬಳಸಿದರೆ ತಪ್ಪೇನು?” ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದಕ್ಕೆ ಪೂರ್ಣ ಉತ್ತರ ಕೊಡಬೇಕು.

ಶೋಭೆ ಇತ್ತು, ಒಪ್ಪಿದೆವು. 1880ರ ದಶಕದ ಹೊತ್ತಿಗೆ ಅದು ವಿಪರೀತಕ್ಕೂ ಹೋಯಿತು. ಆದರೆ ಈ ಅಲಂಕಾರವನ್ನು ಒಂದೊಂದಾಗಿ ನೋಡಿ. ಬದಿಯ ಪುಟ್ಟ ಮಣೆಗಳು ಬೊಂಬೆ ಇಡಲಿಕ್ಕಲ್ಲ, ಸಂಜೆ ಸೀಮೆಎಣ್ಣೆ ದೀಪ ಇಟ್ಟು ಪುಸ್ತಕದ ಸ್ವರಲಿಪಿ ಕಾಣಿಸಲಿಕ್ಕೆ. ನಡುವಿನ ಕನ್ನಡಿ ಆ ದೀಪದ ಬೆಳಕನ್ನು ಕೋಣೆಗೆ ಮರಳಿಸುತ್ತದೆ. ಮನೆಗಳ ಕೆಳಗಿನ ಹಲಗೆಯಲ್ಲಿ ಜಾಲರಿ ಕೊರೆದು ಹಿಂದೆ ಬಟ್ಟೆ ಹಚ್ಚಿದ ಮಾದರಿಗಳಿವೆ. ಮರ ಮುಚ್ಚಿದರೂ ನಾದ ಹೊರಬರಲೆಂಬ ಉಪಾಯ ಅದು. ಕಿರೀಟದಂತಿರುವ ಮೇಲ್ಭಾಗ ಬೇರೆಯೇ ತುಂಡು, ಸ್ಕ್ರೂ ಬಿಚ್ಚಿದರೆ ಕೆಳಗಿಳಿಯುತ್ತದೆ. ಸಾಗಿಸುವವರ ಬೆನ್ನು ಉಳಿಯಲೆಂದು ಹಾಗೆ ಮಾಡಿದ್ದಾರೆ. ಕಾಲಿನ ಪೆಡಲುಗಳ ಸಂದಿನಿಂದ ಇಲಿ ಒಳಹೊಕ್ಕು ಚರ್ಮ, ಬಟ್ಟೆ ತಿನ್ನದಂತೆ ಲೋಹದ ತಡೆ ಹಾಕಿ ‘ಇಲಿ ಹೋಗದ ಪೆಡಲ್’ ಎಂದು ಆಗಿನ ಕಂಪನಿಗಳು ಜಾಹೀರಾತು ಕೊಡುತ್ತಿದ್ದವು. ಮುಂಬಯಿಯಲ್ಲಿ ಬಾಳುವವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಇನ್ನು ಬರಿಯ ಡಂಭಾಚಾರಕ್ಕಾಗಿ ಆರ್ಗನ್ ಮಾಡಿದವರೂ ಇದ್ದರು. ನ್ಯೂಜೆರ್ಸಿಯ ವಾಷಿಂಗ್ಟನ್ ಎಂಬ ಊರಿನ ಡೇನಿಯಲ್ ಬೀಟಿ ಎಂಬಾತ ಪತ್ರಿಕೆಗಳ ತುಂಬ ಜಾಹೀರಾತು ಹಾಕಿ, ‘ಬೀಥೋವನ್’ ಎಂದು ಹೆಸರಿಟ್ಟ ಆರ್ಗನ್ನಿಗೆ ಇಪ್ಪತ್ತಕ್ಕೂ ಹೆಚ್ಚು ಗುಂಡಿಗಳನ್ನು ಕೂಡಿಸಿ ಮಾರಿದ. ಸ್ಟಾಪ್ ಎಂದು ಕರೆಯುವ ಈ ಗುಂಡಿಗಳನ್ನು ಎಳೆದಾಗ ಒಂದೊಂದು ಸಾಲು ರೀಡಿನ ಮೇಲಿನ ಮುಚ್ಚಳ ತೆರೆಯಬೇಕು. ಆದರೆ ಒಳಗಿರುವ ರೀಡಿನ ಸಾಲುಗಳಿಗಿಂತ ಹೊರಗಿನ ಗುಂಡಿಗಳೇ ಹೆಚ್ಚಾದರೆ? ಕೆಲವು ಅದೇ ಮುಚ್ಚಳವನ್ನು ಅರೆತೆರೆಯುತ್ತವೆ, ಕೆಲವು ಏನನ್ನೂ ಮಾಡುವುದಿಲ್ಲ. ಮೂಗಿಗಿಂತ ಮೂಗುತಿ ಭಾರ! ಬೀಟಿ ತನ್ನ ಊರಿನ ಮೇಯರೂ ಆಗಿದ್ದ. 1880ರ ದಶಕದಲ್ಲಿ ಅವನ ವ್ಯಾಪಾರ ಕುಸಿದುಬಿತ್ತು. ತೋರಿಕೆಯ ಗುಂಡಿ ಕೂಡಿಸಿದವನ ವ್ಯಾಪಾರ ಹೀಗಾಯಿತು. ನಮ್ಮ ಠರಾವಿನವರು ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲ ಗುಂಡಿಗಳನ್ನೂ ತೋರಿಕೆಯದಾಗಿಸಲು ಹೊರಟಿದ್ದಾರೆ.

ಒಳಗಿನ ಆ ‘ಹಾಳುಮೂಳು’ ಎಂಥದೆಂದು ನೋಡೋಣ. ನಾವು ಬಲ್ಲ ಕೈಹಾರ್ಮೋನಿಯಂ ಪೆಟ್ಟಿಗೆಗೂ ಇದಕ್ಕೂ ನೆಂಟಸ್ತಿಕೆಯಿದೆ, ಆದರೆ ಉಸಿರಾಟ ತಿರುಗುಮುರುಗು. ಹಾರ್ಮೋನಿಯಂ ಎಂಬ ಹೆಸರಿಟ್ಟು 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕು ಪಡೆದವರು ಅಲೆಕ್ಸಾಂಡರ್ ದೆಬೇನ್. ಅದರಲ್ಲಿ ತಿದಿ ಗಾಳಿಯನ್ನು ರೀಡಿನ ಮೂಲಕ ಹೊರಕ್ಕೆ ತಳ್ಳುತ್ತದೆ. ಅಮೆರಿಕದ ಆರ್ಗನ್ನಿನಲ್ಲಿ ಕಾಲು ತುಳಿದಾಗ ತಿದಿ ಒಳಗಿನ ಗಾಳಿಯನ್ನು ಬರಿದು ಮಾಡುತ್ತದೆ. ಮನೆ ಒತ್ತಿದಾಗ ಕೆಳಗಿನ ಪುಟ್ಟ ಕದ ತೆರೆದು, ಹೊರಗಿನ ಗಾಳಿ ರೀಡಿನ ಮೂಲಕ ಒಳಕ್ಕೆ ನುಗ್ಗುತ್ತದೆ. ಒಂದು ಉಸಿರು ಬಿಡುವ ವಾದ್ಯ, ಇನ್ನೊಂದು ಉಸಿರು ಎಳೆಯುವ ವಾದ್ಯ. ಆರ್ಗನ್ನಿನ ದನಿ ಮೃದುವಾಗಿ, ದುಂಡಗೆ, ದೂರದಿಂದ ಬಂದಂತೆ ಕೇಳುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಬಾಸ್ಟನ್ನಿನದು. ಅಲ್ಲಿ 1854ರಲ್ಲಿ ಹೆನ್ರಿ ಮೇಸನ್ ಜೊತೆ ಸೇರಿ ಕಂಪನಿ ಹೂಡಿದ ಎಮನ್ಸ್ ಹ್ಯಾಮ್ಲಿನ್, ಹಿತ್ತಾಳೆಯ ನಾಲಗೆಯನ್ನು ಒಂದಿಷ್ಟು ಬಾಗಿಸಿ ತಿರುಚಿದರೆ ಅದರ ಕರ್ಕಶತೆ ಹೋಗಿ ಬೇರೆ ಬೇರೆ ಬಣ್ಣದ ನಾದ ಬರುತ್ತದೆಂಬುದನ್ನು ಕಂಡುಕೊಂಡಿದ್ದರು. ಕಣ್ಣಿಗೆ ಕಾಣದಷ್ಟು ಬಾಗು! ಈ ಮೇಸನ್ ಹ್ಯಾಮ್ಲಿನ್ ಕಂಪನಿ ಲಿಸ್ಟ್ ಎಂಬ ಮಹಾ ಪಿಯಾನೋ ವಾದಕರ ಹೆಸರಿನಲ್ಲೇ ಒಂದು ಮಾದರಿಯನ್ನು ಹೊರತಂದಿತು.

ಎಸ್ಟಿಯವರ ಅಳಿಯ ಲೀವೈ ಫುಲ್ಲರ್ ಇನ್ನೂ ವಿಚಿತ್ರ ಮನುಷ್ಯ. ಕಾರ್ಖಾನೆಯ ಉಪಾಧ್ಯಕ್ಷರಾಗಿದ್ದುಕೊಂಡೇ 1892ರಿಂದ 1894ರವರೆಗೆ ವರ್ಮಾಂಟಿನ ಗವರ್ನರ್ ಆಗಿದ್ದರು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಒಂದೊಂದು ಕಂಪನಿಯ ಶ್ರುತಿ ಒಂದೊಂದು ತೆರನಾಗಿದ್ದ ಆ ದಿನಗಳಲ್ಲಿ, ದೇಶದ ವಾದ್ಯ ತಯಾರಕರೆಲ್ಲ ಒಂದೇ ಶ್ರುತಿಗೆ ಬರಬೇಕೆಂದು ಹಟ ಹಿಡಿದು, ಶ್ರುತಿಕವೆಗಳ ಸಂಗ್ರಹವನ್ನೇ ಮಾಡಿ, 1891ರಲ್ಲಿ ಸೆಕೆಂಡಿಗೆ 435 ಕಂಪನದ ಪ್ರಮಾಣವನ್ನು ಅವರು ಒಪ್ಪುವಂತೆ ಮಾಡಿದರು. ಶ್ರುತಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಂಡ ಮನೆತನದವರು ಮಾಡಿದ ಪೆಟ್ಟಿಗೆಯನ್ನು ‘ಶೋಭೆಯ ಪೀಠೋಪಕರಣ’ ಎಂದು ಕರೆಯುವುದು ವೀಣೆಯನ್ನು ಕುಂಬಳಕಾಯಿ ಎಂದಂತೆ.

ನಮ್ಮ ಆರ್ಗನ್ನಿನಲ್ಲಿ ಮೊಣಕಾಲಿನಿಂದ ಹೊರಕ್ಕೆ ತಳ್ಳುವ ಎರಡು ಮರದ ನಾಲಗೆಗಳಿವೆ. ಒಂದನ್ನು ತಳ್ಳಿದರೆ ದನಿ ಹಿಗ್ಗುತ್ತದೆ, ಇನ್ನೊಂದನ್ನು ತಳ್ಳಿದರೆ ಎಲ್ಲ ಸಾಲುಗಳೂ ಒಮ್ಮೆಗೇ ತೆರೆಯುತ್ತವೆ. ‘ವೋಕ್ಸ್ ಹ್ಯೂಮಾನಾ’ ಎಂದು ಬರೆದ ಗುಂಡಿಯೊಂದಿದೆ. ಲ್ಯಾಟಿನ್ನಿನಲ್ಲಿ ‘ಮನುಷ್ಯ ಕಂಠ’ ಎಂದರ್ಥ. ಎಳೆದಾಗ ಒಳಗೊಂದು ಹಗುರ ರೆಕ್ಕೆ ಅದೇ ಗಾಳಿಯ ಸೆಳೆತದಿಂದ ಗಿರಗಿರನೆ ತಿರುಗಿ ನಾದಕ್ಕೆ ನಡುಕ ಕೊಡುತ್ತದೆ. ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ. ಕೂತವನ ಎರಡು ಪಾದಗಳೇ ಎಲ್ಲಕ್ಕೂ ಮೂಲಶಕ್ತಿ. ಠರಾವು ಪಾಸಾದರೆ ಈ ರೆಕ್ಕೆ ಕಸದ ಬುಟ್ಟಿಗೆ ಹೋಗುತ್ತದೆ, ರೀಡುಗಳು ಹಿತ್ತಾಳೆಯ ತೂಕಕ್ಕೆ ಹೋಗುತ್ತವೆ, ಅವು ಕೂತಿದ್ದ ಜಾಗದಲ್ಲಿ ಅಂತರ್‌ಸಂಘ ಕೇರಂ ಸ್ಪರ್ಧೆಯ ದ್ವಿತೀಯ ಬಹುಮಾನ ಕೂರುತ್ತದೆ.

ಅಮೆರಿಕದಲ್ಲಿ ಇದೇ ಕೆಲಸ ಬೇಕಾದಷ್ಟು ನಡೆದುಹೋಗಿದೆ. ಇಪ್ಪತ್ತನೆಯ ಶತಮಾನ ಹುಟ್ಟುತ್ತಲೇ ಪಿಯಾನೋ ಅಗ್ಗವಾಯಿತು, ಆಮೇಲೆ ಗ್ರಾಮಫೋನು, ಆಮೇಲೆ ರೇಡಿಯೋ. ಕೂರುವ ಕೋಣೆಯಿಂದ ಆರ್ಗನ್ ಅಟ್ಟಕ್ಕೆ, ಅಟ್ಟದಿಂದ ದನದ ಕೊಟ್ಟಿಗೆಗೆ ಹೋಯಿತು. ನಂತರ ಹಳೆಯ ಕೆತ್ತನೆಗೆ ಮತ್ತೆ ಬೆಲೆ ಬಂದಾಗ ಜನ ಅವನ್ನು ಹೊರತಂದರು, ಕರುಳು ಕಿತ್ತು ಬರೆಯುವ ಮೇಜು ಮಾಡಿದರು, ಪುಸ್ತಕದ ಕಪಾಟು ಮಾಡಿದರು, ಮದ್ಯದ ಬಾಟಲಿ ಇಡುವ ಬಾರ್ ಮಾಡಿದರು. ಎಸ್ಟಿ ಕಂಪನಿ 1960ರಲ್ಲಿ ಬಾಗಿಲು ಹಾಕಿತು. ಅದರ ಇಂಜಿನ್ ಮನೆಯಲ್ಲಿ ಊರಿನವರೇ ಸೇರಿ ಒಂದು ಮ್ಯೂಸಿಯಂ ನಡೆಸುತ್ತಿದ್ದಾರೆ. ಅಲ್ಲಿ ಬಂದವರಿಗೆ ಕೂತು ಬಾರಿಸಲು ಬಿಡುವ ವಾದ್ಯಗಳೂ ಇವೆ ಎಂಬುದನ್ನು ನಮ್ಮ ಹಗ್ಗ ಕಟ್ಟುವ ಪಂಗಡದವರು ಗಮನಿಸಬೇಕು. ಮುಟ್ಟದೇ ಇಟ್ಟ ಆರ್ಗನ್ ಉಳಿಯುವುದಿಲ್ಲ. ಬಟ್ಟೆ ಬಿರುಸಾಗುತ್ತದೆ, ಉಣ್ಣೆಯ ಫೆಲ್ಟಿಗೆ ನುಸಿ ಹಿಡಿಯುತ್ತದೆ, ರೀಡಿನ ಸಂದಿಗೆ ಧೂಳು ಕೂರುತ್ತದೆ. ದಿನಕ್ಕೆ ಕಾಲು ಗಂಟೆ ತುಳಿದು ಬಾರಿಸುವ ಆರ್ಗನ್ನಿನ ಆರೋಗ್ಯ ಅದಕ್ಕಿಂತ ಎಷ್ಟೋ ಮೇಲು.

“ಸರಿ, ಅದು ಅವರ ದೇಶದ ಪಾಡು. ಪರದೇಶದ ಪೆಟ್ಟಿಗೆಗಾಗಿ ಕನ್ನಡ ಸಂಘ ಏಕೆ ಅಳಬೇಕು?” ಇದು ಎರಡನೆಯ ಆಕ್ಷೇಪ. ಇದನ್ನು ಎತ್ತಿದವರು ಮೈಕು, ಪಂಖ, ಮಡಿಚುವ ಕುರ್ಚಿ ಇವೆಲ್ಲ ಯಾವ ದೇಶದಲ್ಲಿ ಹುಟ್ಟಿದವೆಂದು ಯೋಚಿಸಿದಂತಿಲ್ಲ. ಅದಿರಲಿ. ವಾದ್ಯದ ಮಾತನ್ನೇ ಆಡೋಣ.

ಈ ಕುಲದ ವಾದ್ಯಗಳು ನಮ್ಮ ದೇಶಕ್ಕೆ ಬಂದದ್ದು ಮಿಶನರಿಗಳ ಮತ್ತು ಸಾಹೇಬರ ಜೊತೆಗೆ. ಹೊತ್ತೊಯ್ಯಲು ಮಡಿಚುವ ಆರ್ಗನ್ನುಗಳೂ ಇದ್ದವು. ಕಲ್ಕತ್ತೆಯಲ್ಲಿ 1875ರಲ್ಲಿ ಅಂಗಡಿ ತೆರೆದ ದ್ವಾರಕಾನಾಥ ಘೋಷ್, ಕುರ್ಚಿಯ ಮೇಲೆ ಕೂತು ಕಾಲಿನಿಂದ ತುಳಿಯುವ ವಾದ್ಯವನ್ನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮ ಜನಕ್ಕೆ ಹೊಂದಿಸಿದರು. ತಿದಿಯನ್ನು ಹಿಂದಕ್ಕೆ ತಂದು ಎಡಗೈಗೆ ಕೊಟ್ಟರು. ನಮ್ಮ ಭಜನೆಯಲ್ಲಿ, ಸುಗಮ ಸಂಗೀತದಲ್ಲಿ, ಹಿಂದೂಸ್ತಾನಿ ಬೈಠಕ್ಕಿನಲ್ಲಿ ಇರುವ ಪೆಟ್ಟಿಗೆ ಹೀಗೆ ಹುಟ್ಟಿತು. ಇಂದು ಅದರ ರೀಡುಗಳಿಗೆ ಗುಜರಾತಿನ ಪಾಲಿಟಾಣಾ ಹೆಸರುವಾಸಿ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು (1917–2010) ಇದರ ಮೇಲೆ ಇಡೀ ಆಯುಷ್ಯ ಸವೆಸಿದರು. ಅವರನ್ನು ಪರದೇಶದ ಪೆಟ್ಟಿಗೆ ಬಾರಿಸಿದವರೆಂದು ಧಾರವಾಡದಲ್ಲಿ ನಿಂತು ಯಾರಾದರೂ ಹೇಳಲಿ ನೋಡೋಣ!

ಆದರೆ ರಂಗಭೂಮಿ ಕಾಲಿನ ವಾದ್ಯವನ್ನು ಬಿಡಲಿಲ್ಲ. ಈ ಊರಿನಲ್ಲಿ ಇರುವ ನಮಗೆ ಅದು ಚೆನ್ನಾಗಿ ಗೊತ್ತಿರಬೇಕಾದ ಸಂಗತಿ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಪರಂಪರೆಯಲ್ಲಿ ಬಂದ ಬಾಲಗಂಧರ್ವರ ಕಾಲಕ್ಕೆ ಆರ್ಗನ್ ಮರಾಠಿ ರಂಗಸಂಗೀತದ ಅವಿಭಾಜ್ಯ ಅಂಗವಾಯಿತು. ಇಂದಿಗೂ ದಾದರಿನಲ್ಲೋ ಗಿರಗಾಂವಿನಲ್ಲೋ ನಾಟ್ಯಸಂಗೀತದ ಕಾರ್ಯಕ್ರಮಕ್ಕೆ ಹೋದರೆ ಗಾಯಕರ ಪಕ್ಕದಲ್ಲಿ ಪೆಟ್ಟಿಗೆಯ ಬದಲು ಆರ್ಗನ್ ಕಾಣಿಸುತ್ತದೆ, ಕಾರ್ಯಕ್ರಮ ಪಟ್ಟಿಯಲ್ಲಿ ವಾದಕರ ಹೆಸರನ್ನು ಗೌರವದಿಂದ ಅಚ್ಚು ಹಾಕಿರುತ್ತಾರೆ. ನಮ್ಮ ಕಡೆ ನೋಡಿ: 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿಂದ ಹಿಡಿದು ಏಣಗಿ ಬಾಳಪ್ಪನವರ ಕಂಪನಿಯವರೆಗೆ ವೃತ್ತಿ ನಾಟಕಗಳ ಬೆನ್ನೆಲುಬು ಹಾರ್ಮೋನಿಯಂ. ಮಂಡ್ಯ, ತುಮಕೂರಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಟ್ಟುವಾಗ ಊರವರು ಮೊದಲು ಹುಡುಕುವುದು ಹಾರ್ಮೋನಿಯಂ ಮೇಷ್ಟ್ರನ್ನು. ಅವರೇ ನಿರ್ದೇಶಕರು, ಅವರೇ ಗುರುಗಳು. ರಂಗದ ಅಂಚಿನಲ್ಲಿ ಕಾಲು ಹಾರ್ಮೋನಿಯಂ ತುಳಿಯುತ್ತ, ಪಾತ್ರಧಾರಿ ಕಂದಪದ್ಯ ಮರೆತರೆ ಸ್ವರದಿಂದಲೇ ಎತ್ತಿಕೊಡುವವರು. ನಮ್ಮ ಸಂಘದ ನಾಟಕ ಶಾಖೆಯ ಹಿರಿಯರು ಹಳೆಯ ಸಾಮಾನಿನ ಅಂಗಡಿಯಿಂದ ಈ ಆರ್ಗನ್ನನ್ನು ಕೊಂಡು ತಂದದ್ದು ಆ ನೆನಪಿನಿಂದ, ಆ ಉಪಯೋಗಕ್ಕೆ. ಕೆತ್ತನೆ ಚೆನ್ನಾಗಿದೆಯೆಂದಲ್ಲ.

‘ಪರದೇಶದ್ದು, ಆದ್ದರಿಂದ ಹೊರಹಾಕಿ’ ಎಂಬ ವಾದವನ್ನು ಸರಕಾರವೇ ಒಮ್ಮೆ ಪರೀಕ್ಷೆ ಮಾಡಿ ನೋಡಿದೆ. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ರವೀಂದ್ರನಾಥ ಠಾಕೂರರಂಥವರೂ ಅದನ್ನು ವಿರೋಧಿಸುತ್ತಿದ್ದರೆಂಬುದು ನಿಜ, ಮರೆಮಾಚುವುದಿಲ್ಲ. ಆದರೆ ಅದಕ್ಕೆ ಎರಡು ವರ್ಷ ಮೊದಲು, 1938ರಲ್ಲಿ, ರೇಡಿಯೋದ ಪತ್ರಿಕೆಯಲ್ಲಿ ಹಾರ್ಮೋನಿಯಂ ಭಾರತೀಯ ಸಂಗೀತವನ್ನು ಕೆಡಿಸುತ್ತಿದೆಯೆಂದು ಲೇಖನ ಬರೆದು, ತಲೆಬರಹದಲ್ಲೇ ಇಂಗ್ಲಿಷಿನ ‘ಹಾನಿ’ ಎಂಬ ಪದದ ಮೇಲೆ ಶ್ಲೇಷೆ ಆಡಿದವರು ಯಾರು ಗೊತ್ತೆ? ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷರು. ನಮ್ಮ ಸಂಗೀತ ಎಷ್ಟು ಶುದ್ಧವಾಗಿರಬೇಕೆಂದು ಹೇಳಿಕೊಡಲು ಆಗಲೂ ಇಂಗ್ಲೆಂಡಿನಿಂದಲೇ ಬರಬೇಕಾಯಿತು! ಸ್ವಾತಂತ್ರ್ಯ ಬಂದ ಮೇಲೂ ನಿಷೇಧ ಮುಂದುವರಿಯಿತು. 1971ರಲ್ಲಿ ಅದನ್ನು ಸಡಿಲಿಸತೊಡಗಿದರು. ಮೂವತ್ತೊಂದು ವರ್ಷ ಒಂದು ದೇಶದ ರೇಡಿಯೋ ಬಾಗಿಲು ಹಾಕಿಕೊಂಡು ಕೂತರೂ, ಹೊರಗೆ ಬೀದಿಯಲ್ಲಿ, ಗುಡಿಯಲ್ಲಿ, ನಾಟಕದ ಡೇರೆಯಲ್ಲಿ ಜನ ಅದನ್ನು ಬಿಡಲಿಲ್ಲ. ಪಿಟೀಲೂ ಹೊರಗಿನಿಂದ ಬಂದದ್ದೇ. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು, ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದೇವೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಗಮಕ, ಮೀಂಡು, ಸ್ವರದಿಂದ ಸ್ವರಕ್ಕೆ ಜಾರುವ ಆ ಬಳುಕು, ಇವು ಈ ವಾದ್ಯಕ್ಕೆ ಬರುವುದಿಲ್ಲ. ಪ್ರತಿ ಮನೆಗೂ ಒಂದೇ ಸ್ವರ, ಅದೂ ಪಾಶ್ಚಾತ್ಯರ ಸಮಹಂಚಿಕೆಯ ಸ್ವರ. ತೋಡಿ ಹಾಡುವವರು ಇದನ್ನು ಹತ್ತಿರ ಸೇರಿಸದಿದ್ದರೆ ನಮ್ಮ ಆಕ್ಷೇಪವಿಲ್ಲ. ಆರ್ಗನ್ನಿನಿಂದ ವೀಣೆಯ ಕೆಲಸವನ್ನು ಯಾರೂ ಕೇಳುತ್ತಿಲ್ಲ. ರಂಗಗೀತೆ, ಭಾವಗೀತೆ, ಮಕ್ಕಳ ಪ್ರಾರ್ಥನೆ, ನಾಡಹಬ್ಬದ ಸಮೂಹಗಾನ — ನಮ್ಮ ಸಂಘದಲ್ಲಿ ವರ್ಷವಿಡೀ ನಡೆಯುವುದು ಇವೇ ತಾನೆ? ಇವಕ್ಕೆ ಬೇಕಾದ್ದು ಗಟ್ಟಿ ಆಸರೆ. ಐವತ್ತು ಜನ ಒಟ್ಟಿಗೆ ಹಾಡಿದರೂ ಮುಳುಗದ ನಾದ. ಅದನ್ನು ಕೊಡಲೆಂದೇ ಈ ವಾದ್ಯ ಹುಟ್ಟಿದ್ದು.

ಮೂರನೆಯ ಆಕ್ಷೇಪ ಯುವಕರದು. ಅವರ ಕೈಯಲ್ಲಿರುವ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಆರ್ಗನ್ನಿನ ದನಿಯೂ ಬರುತ್ತದಂತೆ. ಬರಲಿ, ಸಂತೋಷ. ಕೀಬೋರ್ಡಿನ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಸಂಘ ಮೂರು ಕೀಬೋರ್ಡುಗಳನ್ನು ಕೊಂಡಿದೆ. ಎರಡು ಅಟ್ಟದ ಮೇಲಿವೆ. ಒಂದರ ಒಳಗಿನ ಬಿಡಿಭಾಗ ಸಿಗುವುದಿಲ್ಲವೆಂದು ಅಂಗಡಿಯವರು ಕೈಯಾಡಿಸಿದರು, ಇನ್ನೊಂದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸದು ಅಗ್ಗವೆಂದರು. ನೂರು ವರ್ಷ ದಾಟಿದ ಆರ್ಗನ್ನಿನಲ್ಲಿ ಅಂಥ ಗುಟ್ಟಿನ ಭಾಗ ಯಾವುದೂ ಇಲ್ಲ. ಎಲ್ಲವನ್ನೂ ಸ್ಕ್ರೂ ಮತ್ತು ಮರವಜ್ರದಿಂದ ಜೋಡಿಸಿದ್ದಾರೆ, ಅಂದರೆ ಬಿಚ್ಚಿ ಮತ್ತೆ ಜೋಡಿಸಲಿಕ್ಕೆಂದೇ ಮಾಡಿದ್ದಾರೆ. ದನಿ ನಿಂತ ರೀಡನ್ನು ಕೊಕ್ಕೆಯಿಂದ ಹೊರಗೆಳೆದು ಧೂಳು ತೆಗೆದರೆ ಬಹುಪಾಲು ಮತ್ತೆ ನುಡಿಯುತ್ತದೆ. ಶ್ರುತಿ ತಗ್ಗಿದ್ದರೆ ನಾಲಗೆಯ ತುದಿಯಲ್ಲಿ ಹಗುರಾಗಿ ಕೆರೆಯಬೇಕು, ಏರಿದ್ದರೆ ಬುಡದಲ್ಲಿ. ತಿದಿಯ ಬಟ್ಟೆ ಹೋಗಿರುವುದು ನಿಜ, ಅದನ್ನು ಹೊಸದಾಗಿ ಹೊದಿಸಬೇಕು. ದೊಡ್ಡ ಕೆಲಸ ಇದೊಂದೇ. ಇದು ಕೀಬೋರ್ಡಿನ ಜೊತೆ ಒಂದೇ ಶ್ರುತಿಗೆ ಕೂಡದೆ ಹೋಗಬಹುದು, ಏಕೆಂದರೆ ಇಂದಿನ ಪ್ರಮಾಣ 440. ಹಾಗಾದರೆ ತಬಲಾದವರು ಆರ್ಗನ್ನಿಗೆ ಶ್ರುತಿ ಮಾಡಿಕೊಳ್ಳಲಿ, ಹಾಡುವವರು ಅದರಂತೆ ಹಾಡಲಿ. ಇಬ್ಬರಿಗೂ ಅದು ಕಷ್ಟದ ಮಾತಲ್ಲ.

ಇನ್ನೊಂದನ್ನೂ ಹೇಳಬೇಕು. ಮಗು ಕೀಬೋರ್ಡಿನ ಗುಂಡಿ ಒತ್ತಿದರೆ ಸ್ವರ ತಾನಾಗಿ ಬರುತ್ತದೆ. ಆರ್ಗನ್ನಿನಲ್ಲಿ ತುಳಿತ ನಿಂತರೆ ಸ್ವರ ಸಾಯುತ್ತದೆ, ಜೋರಾಗಿ ತುಳಿದರೆ ಹಿಗ್ಗುತ್ತದೆ, ಲಯ ತಪ್ಪಿದರೆ ಏದುಸಿರು ಬಿಡುತ್ತದೆ. ಸಾಲಿನ ಮಧ್ಯೆ ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಎಂಟು ವರ್ಷದ ಹುಡುಗನ ಕಾಲುಗಳೇ ಕಲಿಯುತ್ತವೆ. ಮನೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಹಾಡು ಕಲಿಸುತ್ತೇವಲ್ಲ, ಅವರ ಎದುರಿಗೆ ಇರುವ ವಾದ್ಯವನ್ನು ಕೊಯ್ದು ಅದರೊಳಗೆ ಅವರ ಅಜ್ಜಂದಿರು ಗೆದ್ದ ಢಾಲು ಇಡಲು ಹೊರಟಿದ್ದೇವೆ.

ಜಾಗವಿಲ್ಲ ಎಂಬ ಮಾತೂ ಬಂದಿದೆ. ಮುಂಬಯಿಯಲ್ಲಿ ಜಾಗವಿಲ್ಲ ಎಂಬ ಮಾತಿಗೆ ಯಾರೂ ಎದುರಾಡುವಂತಿಲ್ಲ. ಆದರೆ ಷೋಕೇಸು ಆದ ಮೇಲೂ ಆ ಪೆಟ್ಟಿಗೆ ಅಷ್ಟೇ ಜಾಗ ಹಿಡಿಯುತ್ತದಲ್ಲ! ಢಾಲುಗಳಿಗೆ ಗೋಡೆಗೆ ಹಚ್ಚಿದ ನಾಲ್ಕು ಹಲಗೆ ಸಾಕು, ಅದಕ್ಕೆ ಬಡಗಿಗೆ ಒಂದು ದಿನದ ಕೆಲಸ.

ಆದ್ದರಿಂದ ಮಹಾಸಭೆಯಲ್ಲಿ ನಾವು ಈ ಠರಾವಿಗೆ ತಿದ್ದುಪಡಿ ಮಂಡಿಸಲಿದ್ದೇವೆ. ಷೋಕೇಸಿಗೆಂದು ತೆಗೆದಿರಿಸಿದ ಹಣವನ್ನು ತಿದಿಯ ರಿಪೇರಿಗೆ ಕೊಡಬೇಕು. ಹಾರ್ಮೋನಿಯಂ ರಿಪೇರಿ ಬಲ್ಲವರನ್ನು ಕರೆಸಿ, ಅವರು ಬಿಚ್ಚುವಾಗ ಸಂಘದ ಇಬ್ಬರು ತರುಣರು ಪಕ್ಕದಲ್ಲಿ ಕೂತು ಪ್ರತಿ ರೀಡಿಗೂ ನಂಬರು ಬರೆದಿಡಬೇಕು. ನಾಡಹಬ್ಬದ ಸಮೂಹಗಾನಕ್ಕೆ ಅದನ್ನೇ ಬಳಸಬೇಕು. ಇಷ್ಟೂ ಆಗದು, ಹಣವಿಲ್ಲ, ಮನಸ್ಸಿಲ್ಲ ಎಂದಾದರೆ, ಬಾರಿಸುವವರಿರುವ ಯಾವುದಾದರೂ ನಾಟಕ ಮಂಡಳಿಗೋ ಸಂಗೀತ ಶಾಲೆಗೋ ಚರ್ಚಿಗೋ ಇಡಿಯಾಗಿ, ರೀಡುಗಳ ಸಮೇತ, ಬಿಟ್ಟಿ ಕೊಟ್ಟುಬಿಡಿ. ಅದಕ್ಕೆ ನಾವು ಕೈ ಎತ್ತುತ್ತೇವೆ. ಕೊಯ್ಯುವುದಕ್ಕೆ ಮಾತ್ರ ಎತ್ತುವುದಿಲ್ಲ.

ಅಲ್ಲಿಯವರೆಗೆ ಒಂದು ವಿನಂತಿ. ನೀರು ತುಂಬಿದ ಹೂದಾನಿಯನ್ನು ದಯವಿಟ್ಟು ಅದರ ಮೇಲಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಡಿ. ಕಳೆದ ಮಳೆಗಾಲದಲ್ಲಿ ಚೆಲ್ಲಿದ ನೀರಿಗೆ ಎಡಬದಿಯ ಮೂರು ಮನೆಗಳು ಆಗಲೇ ಉಬ್ಬಿಕೊಂಡಿವೆ.